ಮಳೆಗೆ ಕೆಟ್ಟ ಮನೆ: ಬಲ್ಲವರನ್ನು ಕರೆಯುವುದು ಯಾವಾಗ?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟವನ್ನು ಅವರು ಆ ಗಾದೆಯಲ್ಲಿ ಸೇರಿಸಲಿಲ್ಲ. ಆದರೆ ಅದು ಕಟ್ಟುವ ಕಷ್ಟಕ್ಕಿಂತ ಕಡಿಮೆಯಾದುದೇನೂ ಅಲ್ಲ. ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಬಿರುಸಾದ ಮಳೆ ಬೀಳುವುದು ಮುಂಗಾರಿನ ಮೊದಲಿನಲ್ಲಲ್ಲ, ಭಾದ್ರಪದ ಆಶ್ವೀಜಗಳಲ್ಲಿ. ಹಸ್ತಾ ಚಿತ್ತಾ ಮಳೆಗಳು ಮುಗಿದು ಬಿಸಿಲು ಕಾಣಿಸಿದಾಗ ಮನೆಮನೆಯಲ್ಲಿಯೂ ಆ ಕಷ್ಟದ ಲೆಕ್ಕ ಪ್ರಾರಂಭವಾಗುತ್ತದೆ. ಮಾಳಿಗೆಯ ಅಡಿಯಲ್ಲಿ ಕಂದು ಬಣ್ಣದ ಕಲೆ, ಕಿಟಕಿಯ ಮೂಲೆಯಿಂದ ಹೊರಟ ಬಿರುಕು, ಬೀರುವಿನ ಹಿಂದೆ ಬೂಷ್ಟು, ನೆಲದ ಹತ್ತಿರ ಉದುರುತ್ತಿರುವ ಗಾರೆ, ಇವುಗಳ ಮುಂದೆ ನಿಂತು ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ: ಇದನ್ನು ನಾನೇ ಸರಿಪಡಿಸಿಕೊಳ್ಳಲೆ, ಅಥವಾ ಬಲ್ಲವರನ್ನು ಕರೆಯಲೆ?

ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಸಿಕ್ಕುತ್ತವೆ. ಒಂದು, ಜೇಬಿನ ಉತ್ತರ. ಹಣವಿದ್ದವನು ಕರೆಸುತ್ತಾನೆ, ಇಲ್ಲದವನು ಒಂದು ಚೀಲ ಸಿಮೆಂಟು ತಂದು ಮೆತ್ತುತ್ತಾನೆ. ಇನ್ನೊಂದು, ಧೈರ್ಯದ ಉತ್ತರ; ಕೈ ಚುರುಕಾದವನು ಏಣಿ ಹತ್ತುತ್ತಾನೆ, ಅಂಜುವವನು ಯಾರಾದರೂ ಬರಲೆಂದು ಕಾಯುತ್ತಾನೆ. ಈ ಎರಡೂ ಉತ್ತರಗಳು ತಪ್ಪು ಎಂಬುದೇ ಇಂದು ನಾವು ನಿವೇದಿಸಬೇಕೆಂದಿರುವ ವಿಷಯ. ನಿರ್ಣಯವು ನಮ್ಮ ಜೇಬನ್ನಾಗಲಿ ಧೈರ್ಯವನ್ನಾಗಲಿ ಅವಲಂಬಿಸಿದುದಲ್ಲ; ಅದು ಹಾನಿಯ ಸ್ವಭಾವವನ್ನು ಅವಲಂಬಿಸಿದುದು. ಆ ಸ್ವಭಾವವನ್ನು ತಿಳಿಯಲು ನಾಲ್ಕು ಪ್ರಶ್ನೆಗಳು ಸಾಕು. ಇದರಲ್ಲಿ ಪ್ರಾಣಕ್ಕೆ ಅಪಾಯವುಂಟೆ? ಇದರ ಕಾರಣ ನಮಗೆ ತಿಳಿದಿದೆಯೆ? ಕಣ್ಣಿಗೆ ಕಾಣುವುದಷ್ಟೇ ಹಾನಿಯೋ, ಒಳಗೆ ಇನ್ನೂ ಉಂಟೋ? ನಮ್ಮ ಕೈಕೆಲಸ ತಪ್ಪಾದರೆ ಅದನ್ನು ಮತ್ತೆ ತಿದ್ದಬಹುದೆ? ಈ ನಾಲ್ಕಕ್ಕೂ ಸಮಾಧಾನಕರವಾದ ಉತ್ತರ ದೊರೆತರೆ ಕೆಲಸ ನಮ್ಮದು. ಒಂದಕ್ಕೆ ದೊರೆಯದಿದ್ದರೂ ಬಲ್ಲವರನ್ನು ಕರೆಯತಕ್ಕುದು.

ಮೊದಲು ನಿಸ್ಸಂದೇಹವಾಗಿ ನಮ್ಮದೇ ಆದ ಕೆಲಸ ಯಾವುದೆಂಬುದನ್ನು ನೋಡೋಣ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ. ನೀರು ಒಳಗೆ ಬಂದ ಮೊದಲ ದಿನದಲ್ಲಿ ಮನೆಯವರು ಮಾಡುವ ಕೆಲಸಕ್ಕೆ ಸಮನಾದುದನ್ನು ಯಾವ ನಿಪುಣನೂ ಮೂರನೆಯ ದಿನ ಬಂದು ಮಾಡಲಾರನು. ಒದ್ದೆಯಾದ ವಸ್ತುವಿನ ಮೇಲೆ ಬೂಷ್ಟು ಬೇರೂರುವುದಕ್ಕೆ 24ರಿಂದ 48 ಗಂಟೆಗಳ ಕಾಲ ಸಾಕು. ಆದುದರಿಂದ ನಿಂತ ನೀರನ್ನು ತೆಗೆದು, ಒದ್ದೆಯಾದ ಜಮಖಾನೆ ಹಾಸಿಗೆಗಳನ್ನು ಹೊರಗೆ ಹಾಕಿ, ಬೀರು ಮಂಚಗಳನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಎದುರುಬದರಾದ ಕಿಟಕಿಗಳನ್ನು ತೆರೆದು ಗಾಳಿಯಾಡುವಂತೆ ಮಾಡುವುದು ಯಾರನ್ನೂ ಕಾಯಬಾರದ ಕೆಲಸ. ಮಾಳಿಗೆಯ ಮೇಲಿನ ನೀರುಗಂಡಿಗಳಲ್ಲಿ ಎಲೆ ಕಸ ತುಂಬಿಕೊಂಡಿದ್ದರೆ ಅದನ್ನು ತೆಗೆಯುವುದೂ ನಮ್ಮದೇ. ಎಷ್ಟೋ ಸಲ ಮಾಳಿಗೆ ಸೋರುವುದಕ್ಕೆ ಕಾರಣ ಮಾಳಿಗೆಯ ದೋಷವಲ್ಲ, ಗಂಡಿಗೆ ಅಡ್ಡಲಾದ ಒಂದು ಹಿಡಿ ಎಲೆ.

ಬೂಷ್ಟಿನ ವಿಷಯದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಒಂದು ಸರಳವಾದ ಅಳತೆಯನ್ನು ಹೇಳಿದೆ. ಬೂಷ್ಟು ಹತ್ತು ಚದರಡಿಗಿಂತ ಕಡಿಮೆ ಇದ್ದರೆ, ಎಂದರೆ ಮೂರಡಿ ಅಗಲ ಮೂರಡಿ ಎತ್ತರದಷ್ಟಿದ್ದರೆ, ಗೃಹಸ್ಥನೇ ಸಾಬೂನು ನೀರಿನಿಂದ ಉಜ್ಜಿ ತೆಗೆದು ಒಣಗಿಸಬಹುದು. ಮೂಗು ಬಾಯಿಗಳಿಗೆ ಮುಸುಕು, ಕೈಗೆ ಚೀಲ ಇರಬೇಕು. ಉಬ್ಬಸದವರು ಆ ಕೋಣೆಯಲ್ಲಿ ಇರಕೂಡದು. ಅದಕ್ಕಿಂತ ಹೆಚ್ಚು ಹರಡಿದ್ದರೆ, ಅಥವಾ ಉಜ್ಜಿದ ಸ್ಥಳದಲ್ಲಿಯೇ ಮತ್ತೆ ಮತ್ತೆ ಹುಟ್ಟುತ್ತಿದ್ದರೆ, ತೇವದ ಮೂಲ ಒಳಗಿದೆ ಎಂದರ್ಥ. ಬೂಷ್ಟಿನ ಮೇಲೆ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ರೇಷ್ಮೆ ಹೊದಿಸಿದಂತೆ.

ಇನ್ನು ಮೊದಲನೆಯ ಪ್ರಶ್ನೆ: ಪ್ರಾಣಕ್ಕೆ ಅಪಾಯವುಂಟೆ? ಇದಕ್ಕೆ ಉತ್ತರ 'ಉಂಟು' ಎಂದಾದರೆ ಉಳಿದ ಮೂರನ್ನು ಕೇಳುವ ಅವಶ್ಯಕತೆಯೇ ಇಲ್ಲ. ನೆನೆದ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೊಲ್ಲುವುದು ವಿದ್ಯುತ್ತು. ನೀರು ಗೋಡೆಯ ಪ್ಲಗ್ಗುಗಳ ಎತ್ತರಕ್ಕೆ ಬಂದಿದ್ದರೆ, ಗೋಡೆ ಮುಟ್ಟಿದಾಗ ಕೈ ಜುಮ್ಮೆಂದರೆ, ದೀಪದ ಬುಡದಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಅಲ್ಲಿ ಪ್ರಯೋಗಕ್ಕೆ ಅವಕಾಶವಿಲ್ಲ. ಒಣನೆಲದ ಮೇಲೆ ನಿಂತು ಮುಖ್ಯ ಸ್ವಿಚ್ಚನ್ನು ಆರಿಸಲು ಸಾಧ್ಯವಾದರೆ ಆರಿಸಬೇಕು. ಅದರ ಬಳಿಗೆ ಹೋಗಲು ನೀರಿನಲ್ಲಿ ಕಾಲಿಡಬೇಕಾದರೆ ಹೋಗಕೂಡದು, 1912 ಎಂಬ ಸಂಖ್ಯೆಗೆ ಫೋನು ಮಾಡಿ ವಿದ್ಯುತ್ ಕಂಪನಿಯವರಿಂದ ಹೊರಗಿನಿಂದಲೇ ಸರಬರಾಜನ್ನು ನಿಲ್ಲಿಸಬೇಕು. ತರುವಾಯ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಬಂದು ತಂತಿಗಳ ನಿರೋಧವನ್ನು ಅಳೆದು ಒಪ್ಪಿದ ಮೇಲೆಯೇ ದೀಪ ಹೊತ್ತಿಸತಕ್ಕುದು. ಮನುಷ್ಯನನ್ನು ಕಾಪಾಡಲು 30 ಮಿಲಿಆಂಪಿಯರಿನಷ್ಟು ಸೋರಿಕೆಗೇ ಸರಬರಾಜನ್ನು ಕಡಿದುಹಾಕುವ ಸಾಧನ ಉಂಟು. ಅದು ಮನೆಯಲ್ಲಿಲ್ಲದಿದ್ದರೆ ಅದೇ ಸಂದರ್ಭದಲ್ಲಿ ಹಾಕಿಸಿಕೊಳ್ಳುವುದು ಲೇಸು.

ಎರಡನೆಯ ಅಪಾಯ ಜೋತುಬಿದ್ದ ಮಾಳಿಗೆ. ನೀರಿನ ಭಾರವನ್ನು ನಾವು ಬಹಳ ಕಡಿಮೆಯಾಗಿ ಎಣಿಸುತ್ತೇವೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ಮೇಲೆ ಒಂದೇ ಅಂಗುಲ ನೀರು ನಿಂತರೂ ಅದರ ತೂಕ ಸುಮಾರು 235 ಕಿಲೋ. ಮೂರು ನಾಲ್ಕು ಜನ ಪ್ರಾಪ್ತವಯಸ್ಕರು ಮೇಲೆ ನಿಂತಂತೆ. ಮಾಳಿಗೆ ಹಿಂದೆ ಇಲ್ಲದಂತೆ ಬಾಗಿದ್ದರೆ, ತೊಲೆಯ ತುದಿ ಗೋಡೆಯಿಂದ ಸರಿದಿದ್ದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವಂತಾದರೆ, ಆ ಕೋಣೆಯನ್ನು ಮುಚ್ಚಿ, ಬೇರೆ ಕಡೆ ಮಲಗಿ, ಇಂಜಿನಿಯರನ್ನು ಕರೆಯಬೇಕು. ಸಾಮಾನನ್ನು ಹೊರಗೆ ತರೋಣವೆಂದು ಅದರ ಕೆಳಗೆ ಓಡಾಡುವುದು ತರವಲ್ಲ.

ಮೂರನೆಯದು ಕಲುಷಿತವಾದ ನೀರು. ಮಾಳಿಗೆಯಿಂದ ಬಿದ್ದ ಮಳೆನೀರು ಬೇರೆ, ಚರಂಡಿ ತುಂಬಿ ಹಿಂದಕ್ಕೆ ಬಂದ ನೀರು ಬೇರೆ. ಎರಡನೆಯದರಲ್ಲಿ ಇಲಿಜ್ವರ ಮುಂತಾದ ರೋಗಗಳ ಬೀಜಗಳಿರುತ್ತವೆ. ಅದು ತಗುಲಿದ ಹಾಸಿಗೆ ದಿಂಬುಗಳನ್ನು ಒಗೆದು ಉಳಿಸಿಕೊಳ್ಳುವ ಆಸೆ ಬೇಡ. ನೆಲದ ಸಂಪಿಗೆ ಆ ನೀರು ಸೇರಿದ್ದರೆ ಸಂಪನ್ನು ಬರಿದು ಮಾಡಿಸಿ, ತೊಳೆಯಿಸಿ, ಕ್ಲೋರಿನ್ ಹಾಕಿಸುವವರೆಗೂ ಅದನ್ನು ಬಾಯಿಗೆ ಮುಟ್ಟಿಸಕೂಡದು. ನಾಲ್ಕನೆಯದು ಕಲ್ನಾರಿನ ತಗಡು. ಹಿತ್ತಲಿನ ಕೊಟ್ಟಿಗೆ, ಕಾರಿನ ಚಪ್ಪರಗಳಿಗೆ ನಮ್ಮಲ್ಲಿ ಹಾಕುವ ಬೂದುಬಣ್ಣದ ಆ ತಗಡು ಗಾಳಿಗೆ ಒಡೆದಾಗ ಅದನ್ನು ಗರಗಸದಿಂದ ಕೊಯ್ಯುವುದೂ ಒಣಗಿದ ಚೂರನ್ನು ಗುಡಿಸುವುದೂ ಅಪಾಯಕರ. ಕಣ್ಣಿಗೆ ಕಾಣದ ಅದರ ಎಳೆಗಳು ಶ್ವಾಸಕೋಶವನ್ನು ಸೇರಿ ದಶಕಗಳ ತರುವಾಯ ಪ್ರಾಣಾಂತಿಕವಾದ ರೋಗವನ್ನು ತರಬಲ್ಲವು. ಕಡೆಯದು ಎತ್ತರ. ಮಂಗಳೂರು ಹೆಂಚನ್ನು ಬದಲಾಯಿಸುವುದಕ್ಕಿಂತ ಸುಲಭವಾದ ಕೆಲಸವಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಅದು ಇಷ್ಟು ದೂರ ಹರಡಿದುದಕ್ಕೆ ಆ ಸೌಲಭ್ಯವೂ ಒಂದು ಕಾರಣ. ಆದರೆ ಪಾಚಿ ಕಟ್ಟಿದ ಒದ್ದೆ ಹೆಂಚಿನ ಮೇಲೆ ನಿಲ್ಲುವುದು ಅಷ್ಟು ಸುಲಭವಲ್ಲ. ಕೆಲಸ ಸುಲಭವೆಂಬುದರಿಂದ ಅದಿರುವ ಸ್ಥಳ ಸುರಕ್ಷಿತವೆಂದಾಗುವುದಿಲ್ಲ.

ಎರಡನೆಯ ಪ್ರಶ್ನೆ, ಕಾರಣ ತಿಳಿದಿದೆಯೆ ಎಂಬುದು. ಕಲೆ ಕಂಡ ಜಾಗವೇ ಸೋರುವ ಜಾಗ ಎಂದು ನಂಬುವುದು ಸಾಮಾನ್ಯವಾದ ಭ್ರಾಂತಿ. ಮಾಳಿಗೆಯ ಒಂದು ಮೂಲೆಯಲ್ಲಿ ಇಳಿದ ನೀರು ತೊಲೆಯ ಗುಂಟ ಹರಿದು ಹತ್ತಡಿ ದೂರದಲ್ಲಿ ತೊಟ್ಟಿಕ್ಕಬಹುದು. ಸ್ನಾನದ ಮನೆಯ ಕೊಳವೆಯಲ್ಲಿನ ಬಿರುಕು ಪಕ್ಕದ ದೇವರಮನೆಯ ಗೋಡೆಯಲ್ಲಿ ಕಾಣಿಸಿಕೊಳ್ಳಬಹುದು. ಆದರೆ ಈ ಪತ್ತೇದಾರಿಯಲ್ಲಿ ಗೃಹಸ್ಥನು ಸ್ವತಃ ಮಾಡಬಹುದಾದ ಪರೀಕ್ಷೆಗಳು ಹಲವು ಉಂಟು, ಅವಕ್ಕೆ ಕಾಸಿನ ಖರ್ಚೂ ಇಲ್ಲ. ಮಳೆ ನಿಂತು ಎರಡು ವಾರವಾದರೂ ಕಲೆ ಒಣಗದಿದ್ದರೆ ಕೊಳವೆಯನ್ನು ಸಂದೇಹಿಸಬೇಕು. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ಮೀಟರಿನ ಮುಂದೆ ಹಾದು ಬರುವ ಕೊಳವೆಗಳಾದರೆ ಮೀಟರಿನ ಅಂಕೆಯನ್ನು, ಮೇಲಿನ ತೊಟ್ಟಿಯಿಂದ ಬರುವವಾದರೆ ತೊಟ್ಟಿಯ ಮಟ್ಟವನ್ನು ರಾತ್ರಿ ಗುರುತು ಹಾಕಿಕೊಂಡು ಬೆಳಗ್ಗೆ ನೋಡಿದರೆ ಕೊಳವೆ ಸೋರುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಗೋಡೆಯ ತೇವ ಒಳಗಿನಿಂದ ಬರುತ್ತಿದೆಯೋ ಕೋಣೆಯ ಹಬೆಯಿಂದ ಕೂಡುತ್ತಿದೆಯೋ ತಿಳಿಯಬೇಕಾದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಚು ಬಿಡದೆ ಅಂಟಿಸಿ ಎರಡು ದಿನ ಬಿಡಬೇಕು. ಹನಿಗಳು ಹಾಳೆಯ ಹಿಂಭಾಗದಲ್ಲಿ ಕಂಡರೆ ತೇವ ಗೋಡೆಯದು; ಮುಂಭಾಗದಲ್ಲಿ ಕಂಡರೆ ಕೋಣೆಯದು, ಕಿಟಕಿ ತೆರೆಯುವುದೇ ಅದಕ್ಕೆ ಔಷಧ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಬಿಳಿಯ ಉಪ್ಪು ಕಟ್ಟಿ ಗಾರೆ ಉದುರುತ್ತಿದ್ದರೆ ನೀರು ಮೇಲಿನಿಂದ ಇಳಿದುದಲ್ಲ, ಬುನಾದಿಯಿಂದ ಏರಿದುದು. ಈ ಪರೀಕ್ಷೆಗಳಿಂದ ಕಾರಣ ಖಚಿತವಾದರೆ, ಸಣ್ಣದಾದರೆ, ಸರಿಪಡಿಸಿಕೊಳ್ಳಬಹುದು. ಖಚಿತವಾಗದಿದ್ದರೆ ಅಲ್ಲಿಗೆ ನಿಲ್ಲಬೇಕು. ಕಾರಣ ತಿಳಿಯದ ರಿಪೇರಿ ರೋಗ ತಿಳಿಯದ ಔಷಧದಂತೆ. ಗುಣವಾದರೆ ಆಕಸ್ಮಿಕ, ಆಗದಿದ್ದರೆ ನಿಯಮ.

ಇಲ್ಲಿ ಒಂದು ಎಚ್ಚರಿಕೆ. ಮಾಳಿಗೆಯ ಗಂಡಿಗಳನ್ನು ಮುಚ್ಚಿ ನೀರು ನಿಲ್ಲಿಸಿ ಸೋರಿಕೆಯನ್ನು ಹುಡುಕುವ ಪದ್ಧತಿ ಹೊಸ ಕಾಂಕ್ರೀಟು ಮಾಳಿಗೆಗೆ ಸಲ್ಲುತ್ತದೆ. ಮರದ ತೊಲೆಗಳ ಮೇಲೆ ನಿಂತ ಹಳೆಯ ಮಾಳಿಗೆಗೆ ಅದು ಸಲ್ಲದು. ಈಗ ತಾನೆ ಹೇಳಿದ ನೀರಿನ ಭಾರವನ್ನು ನಾವೇ ಅದರ ಮೇಲೆ ಹೇರಿದಂತಾಗುತ್ತದೆ.

ಮೂರನೆಯ ಪ್ರಶ್ನೆ: ಕಣ್ಣಿಗೆ ಕಾಣುವುದಷ್ಟೇ ಹಾನಿಯೆ? ಬಿರುಕುಗಳ ವಿಷಯವನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಕಟ್ಟಡ ಸಂಶೋಧನಾಲಯದವರು ಗೋಡೆಯ ಬಿರುಕುಗಳನ್ನು ಅಗಲದಿಂದ ವರ್ಗೀಕರಿಸಿದ್ದಾರೆ. ಒಂದು ಮಿಲಿಮೀಟರಿನವರೆಗಿನದು ಅತಿ ಸ್ವಲ್ಪ. ಬಣ್ಣ ಬಳಿಯುವಾಗ ಮುಚ್ಚಬಹುದು. ಐದು ಮಿಲಿಮೀಟರಿನವರೆಗಿನದು ಸ್ವಲ್ಪ; ತುಂಬಿ ಸರಿಮಾಡಬಹುದು. ಐದರಿಂದ ಹದಿನೈದರವರೆಗೆ ಮಧ್ಯಮ. ಅಲ್ಲಿಂದ ಇಪ್ಪತ್ತೈದರವರೆಗೆ ತೀವ್ರ. ಅದನ್ನು ದಾಟಿದರೆ ಅತಿ ತೀವ್ರ, ಗೋಡೆ ನಿಲ್ಲುವುದೇ ಸಂದೇಹ. ಒಂದು ರೂಪಾಯಿಯ ನಾಣ್ಯದ ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ. ಅಂತಹ ಮೂರು ನಾಣ್ಯಗಳು ಒಟ್ಟಿಗೆ ಒಳಸೇರುವ ಬಿರುಕು ಗೃಹಸ್ಥನ ಕೈಯದಲ್ಲವೆಂದು ಸ್ಥೂಲವಾಗಿ ನೆನಪಿಟ್ಟುಕೊಳ್ಳಬಹುದು.

ಆದರೆ ಅಗಲಕ್ಕಿಂತಲೂ ಮುಖ್ಯವಾದುದು ಬಿರುಕು ಬೆಳೆಯುತ್ತಿದೆಯೇ ಎಂಬುದು. ಅದರ ಎರಡು ತುದಿಗಳಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯಬೇಕು. ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಗಚ್ಚಿನಿಂದ ಕೂರಿಸಬೇಕು. ತಿಂಗಳು ಕಳೆದ ಮೇಲೆ ಬಿರುಕು ಗೆರೆ ದಾಟಿದ್ದರೆ, ಗಾಜು ಸೀಳಿದ್ದರೆ, ಗೋಡೆ ಇನ್ನೂ ಚಲಿಸುತ್ತಿದೆ. ಚಲಿಸುವ ಬಿರುಕನ್ನು ಮುಚ್ಚುವುದು ವ್ಯರ್ಥ. ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕು ಬುನಾದಿ ಒಂದು ಕಡೆ ಇಳಿದುದರ ಗುರುತಾಗಿರಬಹುದು. ಅದನ್ನು ಓದಬಲ್ಲವನು ಇಂಜಿನಿಯರು.

ಕಾಂಕ್ರೀಟು ಮನೆಗಳಲ್ಲಿ ಒಳಗಿನ ಹಾನಿ ಇನ್ನೊಂದು ಬಗೆಯದು. ನೀರು ಒಳಗಿನ ಕಬ್ಬಿಣದ ಸರಳುಗಳನ್ನು ಮುಟ್ಟಿದಾಗ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಒಳಗಿನಿಂದ ಸೀಳಿ ಹಪ್ಪಳದಂತೆ ಕಳಚಿ ಬೀಳುತ್ತದೆ. ಸರಳಿನ ಗುಂಟ ನೇರವಾಗಿ ಓಡುವ ಬಿರುಕು, ಕೆಂಪು ಕಂದು ಬಣ್ಣದ ಸೋರಿಕೆ, ಕೋಲಿನಿಂದ ತಟ್ಟಿದಾಗ ಬುರುಡೆಯಂತೆ ಬರುವ ಶಬ್ದ, ಇವು ಅದರ ಲಕ್ಷಣಗಳು. ಬಿದ್ದ ಜಾಗಕ್ಕೆ ಗಾರೆ ಮೆತ್ತಿ ಸುಣ್ಣ ಬಳಿದರೆ ಮನೆ ಚೆಂದವಾಗುತ್ತದೆ, ಗಟ್ಟಿಯಾಗುವುದಿಲ್ಲ. ಮಾತ್ರವಲ್ಲ, ಮುಂದೆ ನೋಡುವವನ ಕಣ್ಣಿಗೂ ಆ ಗುರುತು ಸಿಕ್ಕದಂತಾಗುತ್ತದೆ. ಬಹುಮಹಡಿಯ ವಸತಿಗಳಲ್ಲಿ ಇಂತಹುದು ಕಂಡರೆ ಅದು ಒಬ್ಬ ನಿವಾಸಿಯ ವಿಷಯವೂ ಅಲ್ಲ. ಸಂಘದ ಮುಂದೆ ಇಟ್ಟು ಇಡೀ ಕಟ್ಟಡವನ್ನು ಪರೀಕ್ಷೆ ಮಾಡಿಸಬೇಕಾದ ವಿಷಯ.

ನಾಲ್ಕನೆಯ ಪ್ರಶ್ನೆಗೆ ಬರೋಣ: ತಪ್ಪಾದರೆ ತಿದ್ದಬಹುದೆ? ಮೈಸೂರಿನ ಅಗ್ರಹಾರಗಳಲ್ಲಿಯೂ ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳಲ್ಲಿಯೂ ಇನ್ನೂ ಉಳಿದಿರುವ ಹಳೆಯ ಮನೆಗಳವರು ಈ ಪ್ರಶ್ನೆಯನ್ನು ವಿಶೇಷವಾಗಿ ಕೇಳಿಕೊಳ್ಳಬೇಕು. ಮದ್ರಾಸ್ ಟೆರೇಸ್ ಎಂದು ಹೆಸರಾದ ಮಾಳಿಗೆಯ ರಚನೆಯನ್ನು ನೋಡಿ. ತೇಗದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಸಾಲಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಜಲ್ಲಿ ಸುಣ್ಣಗಳ ಗಚ್ಚನ್ನು ಹರಡಿ, ಬೆಲ್ಲ ಅಳಲೆಕಾಯಿಗಳ ನೀರನ್ನು ಚಿಮುಕಿಸುತ್ತ, ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ಬಿಗಿಮಾಡಿ, ಚಪ್ಪಟೆ ಬಿಲ್ಲೆಗಳನ್ನು ಹಾಸುತ್ತಿದ್ದರು. ಈ ಸುಣ್ಣದ ಕೆಲಸ ಮೃದು. ಮಳೆಗಾಲದಲ್ಲಿ ತೇವವನ್ನು ಹೀರಿ ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ, ಎಂದರೆ ಉಸಿರಾಡುತ್ತದೆ. ಇಂತಹ ಗೋಡೆ ಮಾಳಿಗೆಗಳ ಮೇಲೆ ಬಿರುಸಾದ ಸಿಮೆಂಟನ್ನೋ ಪ್ಲಾಸ್ಟಿಕ್ ಬಣ್ಣವನ್ನೋ ಮೆತ್ತಿದರೆ ಆ ಉಸಿರು ಕಟ್ಟುತ್ತದೆ. ಒಳಗಿನ ತೇವ ಹೊರಬರಲಾರದೆ ಉಪ್ಪನ್ನು ಕೂಡಿಸಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ, ತೊಲೆಯ ತುದಿಗಳು ಗೋಡೆಯೊಳಗೆ ಕಾಣದಂತೆ ಕೊಳೆಯುತ್ತವೆ, ಗೆದ್ದಲು ಬರುತ್ತದೆ. ಆಮೇಲೆ ಬುದ್ಧಿ ಬಂದು ಸಿಮೆಂಟನ್ನು ಕೀಳಹೋದರೆ ಅದು ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬರುತ್ತದೆ. ಹಳೆಯ ಮನೆಯ ಮಟ್ಟಿಗೆ ಒಂದು ಚೀಲ ಸಿಮೆಂಟು ಅಗ್ಗವಾದ ರಿಪೇರಿಯಲ್ಲ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ದೊರೆಯುವುದು ಕಷ್ಟವಾದರೂ ಹುಡುಕಿ ಕರೆಯುವುದೇ ಕಡೆಗೆ ಅಗ್ಗ.

ಗಾರೆ ಕಟ್ಟಡಗಳು ಹೊರಗೆ ಗಟ್ಟಿಯಾಗಿ ಕಂಡಷ್ಟು ಮಾತ್ರದಿಂದ ನೆಚ್ಚಿ ಕುಳಿತಿರಬಾರದೆಂಬುದನ್ನು ಮೈಸೂರಿನ ನಾಗರಿಕರಿಗೆ ನಾವು ಹೇಳಬೇಕಾದುದಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಅವು ಸಾರ್ವಜನಿಕ ಕಟ್ಟಡಗಳು, ಎಲ್ಲರ ಕಣ್ಣಿಗೂ ಬಿದ್ದವು. ಅದೇ ಸುಣ್ಣ, ಅದೇ ಇಟ್ಟಿಗೆ, ಅದೇ ಮರದ ಖಾಸಗಿ ಮನೆಗಳನ್ನು ನೋಡುವವನು ಮನೆಯ ಯಜಮಾನನೊಬ್ಬನೇ.

ಹೊಸ ಬಡಾವಣೆಗಳವರಿಗೆ ಈ ಚಿಂತೆ ಇಲ್ಲವೆನ್ನುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮುಳುಗಿ, ಬೆಲೆಬಾಳುವ ಮನೆಗಳ ಜನ ದೋಣಿಗಳಲ್ಲಿ ಟ್ರಾಕ್ಟರುಗಳಲ್ಲಿ ಹೊರಬಂದುದನ್ನು ನಾವೆಲ್ಲ ನೋಡಿದೆವು. ಅಂತಹ ಮನೆಗಳಲ್ಲಿ ನೆಲಮಾಳಿಗೆ ತುಂಬಿಕೊಂಡಾಗ ದೊಡ್ಡ ಪಂಪು ತರಿಸಿ ಒಂದೇ ರಾತ್ರಿಯಲ್ಲಿ ಬರಿದು ಮಾಡಿಬಿಡಬೇಕೆಂದು ತೋರುವುದು ಸಹಜ. ಇದು ಅಪಾಯಕರ. ಹೊರಗಿನ ಮಣ್ಣು ನೀರಿನಿಂದ ತುಂಬಿರುವಾಗ ಒಳಗಿನ ನೀರೇ ಗೋಡೆಗೆ ಎದುರೊತ್ತಾಗಿ ನಿಂತಿರುತ್ತದೆ; ಅದನ್ನು ಒಮ್ಮೆಗೇ ತೆಗೆದರೆ ಹೊರಗಿನ ಒತ್ತಡಕ್ಕೆ ಗೋಡೆ ಒಳಕ್ಕೆ ಬೀಳಬಹುದು. ಹೊರಗಿನ ನೀರು ಇಳಿದ ತರುವಾಯ ದಿನಕ್ಕೆ ಮೂರನೆಯ ಒಂದು ಪಾಲಿನಂತೆ ತೆಗೆಯುವುದು ಕ್ರಮ. ಅದೂ ಬಲ್ಲವರ ಮೇಲ್ವಿಚಾರಣೆಯಲ್ಲಿ ಆಗಬೇಕು.

ಕರೆಯುವುದೆಂದು ನಿಶ್ಚಯವಾದ ಮೇಲೆ ಯಾರನ್ನು ಕರೆಯಬೇಕು? ಇಲ್ಲಿಯೂ ಒಂದು ವಿವೇಕ ಬೇಕು. ರೋಗವನ್ನು ಹೇಳುವವನೂ ಔಷಧವನ್ನು ಮಾರುವವನೂ ಒಬ್ಬನೇ ಆಗಿರುವುದು ಒಳ್ಳೆಯದಲ್ಲ. ಯಾವುದೋ ಒಂದು ಬಗೆಯ ಲೇಪವನ್ನು ಮಾರುವವನಿಗೆ ಎಲ್ಲ ಸೋರಿಕೆಯೂ ಆ ಲೇಪದ ಕೊರತೆಯಾಗಿಯೇ ಕಾಣುತ್ತದೆ. ಹಾನಿ ದೊಡ್ಡದಾದರೆ ಮೊದಲು ಕಟ್ಟಡಗಳ ಬಲವನ್ನು ಲೆಕ್ಕ ಹಾಕಬಲ್ಲ ಇಂಜಿನಿಯರಿಗೆ ಪ್ರತ್ಯೇಕವಾಗಿ ಫೀಜು ಕೊಟ್ಟು ಕಾರಣವನ್ನೂ ಪರಿಹಾರವನ್ನೂ ಬರೆಯಿಸಿಕೊಂಡು, ಆ ಬರೆವಣಿಗೆಯನ್ನು ಹಿಡಿದು ಕೆಲಸಗಾರರನ್ನು ಗೊತ್ತುಮಾಡುವುದು ಮೇಲು. ಗೊತ್ತುಮಾಡುವಾಗ ಕೇಳಬೇಕಾದ ಮೊದಲ ಮಾತು 'ಎಷ್ಟು?' ಎಂಬುದಲ್ಲ, 'ಏಕೆ ಹೀಗಾಯಿತು?' ಎಂಬುದು. ಉತ್ತರ ಹೇಳಲಾರದವನು ದರ ಹೇಳಲು ಅರ್ಹನಲ್ಲ. ಏನು ಕೀಳುತ್ತೀರಿ, ಏನು ಹಾಕುತ್ತೀರಿ, ಒಣಗಿದೆಯೆಂದು ಯಾವುದರಿಂದ ಅಳೆಯುತ್ತೀರಿ, ಮತ್ತೆ ಸೋರಿದರೆ ಯಾರ ಹೊಣೆ ಎಂಬುದೆಲ್ಲ ಕಾಗದದ ಮೇಲೆ ಬರಲಿ. ಹಣದ ಒಂದು ಪಾಲನ್ನು ಮುಂದಿನ ಮಳೆ ಬಂದುಹೋಗುವವರೆಗೆ ಉಳಿಸಿಕೊಳ್ಳುವ ಕರಾರಿಗೆ ಒಪ್ಪುವವನು ತನ್ನ ಕೆಲಸವನ್ನು ನಂಬಿದವನು.

ಮನೆಗೆ ವಿಮೆ ಮಾಡಿಸಿದವರು ಗುಡಿಸುವುದಕ್ಕೂ ಮೊದಲು ಹಾನಿಯ ಚಿತ್ರಗಳನ್ನು ತೆಗೆದಿಟ್ಟುಕೊಂಡು, ವಿಮಾ ಕಂಪನಿಗೆ ತಡಮಾಡದೆ ತಿಳಿಸಬೇಕು. ಹಾನಿ ಹೆಚ್ಚದಂತೆ ತುರ್ತಾಗಿ ಮಾಡಬೇಕಾದುದನ್ನು ಮಾಡಬಹುದು. ಆದರೆ ಸರ್ವೇಯರು ನೋಡುವ ಮೊದಲು ಒಡೆದ ವಸ್ತುಗಳನ್ನು ಎಸೆದುಬಿಡಬಾರದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಎಂಬ ವಿಮೆಯಲ್ಲಿ ಬೆಂಕಿ, ಬಿರುಗಾಳಿ, ಪ್ರವಾಹ, ಭೂಕಂಪ, ಭೂಕುಸಿತಗಳ ಹಾನಿಯ ಜೊತೆಗೆ ಇಂಜಿನಿಯರು ಮೊದಲಾದವರ ಫೀಜಿಗೂ ಕ್ಲೇಮಿನ ನೂರಕ್ಕೆ ಐದರವರೆಗೆ ಅವಕಾಶವುಂಟು. ಬಲ್ಲವರನ್ನು ಕರೆಯುವ ಖರ್ಚಿಗೆ ಹಿಂಜರಿಯುವವರು ತಮ್ಮ ವಿಮೆಯ ಕಾಗದವನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು. ವರ್ಷಗಳಿಂದ ನಿಧಾನವಾಗಿ ಸೋರಿ ಕೆಟ್ಟ ಗೋಡೆಗೆ ಮಾತ್ರ ವಿಮೆ ಸಲ್ಲದು. ಅದು ಆಕಸ್ಮಿಕವಲ್ಲ, ಉದಾಸೀನ.

ಕಡೆಯದಾಗಿ, ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಮಾತು. ಕೆಲಸ ಅಪಾಯಕರವೆಂದು ನಾವು ಹಿಂದೆ ಸರಿದಾಗ, ಆ ಅಪಾಯಕ್ಕೆ ಯಾರನ್ನು ಮುಂದೆ ನೂಕುತ್ತಿದ್ದೇವೆ? ಬೀದಿಯ ತುದಿಯಲ್ಲಿ ದಿನಗೂಲಿಗೆ ನಿಂತ ಬಡವನನ್ನು ಕರೆತಂದು ಸಂಪಿನೊಳಕ್ಕೆ ಇಳಿಸುವುದು ಬಲ್ಲವರನ್ನು ಕರೆದಂತಲ್ಲ. ಬಹುಕಾಲ ಮುಚ್ಚಿದ್ದ ಸಂಪಿನಲ್ಲಿ ಪ್ರಾಣವಾಯು ಕಡಿಮೆಯಾಗಿರಬಹುದು. ಶೌಚದ ಗುಂಡಿಯಲ್ಲಿ ವಿಷವಾಯು ತುಂಬಿರುತ್ತದೆ. ಇಳಿದವನು ಕೂಗುವ ಮೊದಲೇ ಎಚ್ಚರ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಹಾಗೆಯೇ ಬೀಳುತ್ತಾನೆ. ಶೌಚದ ಗುಂಡಿಗೂ ಒಳಚರಂಡಿಗೂ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ. ಯಂತ್ರದಿಂದ ಹೀರುವ ಗಾಡಿಗಳು ಇರುವಾಗ, ನೂರಾರು ರೂಪಾಯಿಯ ಉಳಿತಾಯಕ್ಕಾಗಿ ಒಂದು ಸಂಸಾರದ ಆಧಾರವನ್ನು ಪಣವಾಗಿ ಇಡಲು ಯಾವ ಗೃಹಸ್ಥನಿಗೂ ಅಧಿಕಾರವಿಲ್ಲ. ಸೊಂಟಕ್ಕೆ ಹಗ್ಗವಿಲ್ಲದೆ ಹೆಂಚಿನ ಮೇಲೆ ಹತ್ತುವವನ ವಿಷಯವೂ, ಕರೆಂಟು ನಿಲ್ಲಿಸದೆ ಒದ್ದೆ ಗೋಡೆಗೆ ಕೈಹಾಕುವವನ ವಿಷಯವೂ ಇದೇ. ಬಲ್ಲವನೆಂದರೆ ಕೂಲಿಗೆ ಒಪ್ಪಿದವನಲ್ಲ. ಅಪಾಯವನ್ನು ಅರಿತು, ಅದಕ್ಕೆ ತಕ್ಕ ಸಾಧನಗಳೊಡನೆ ಬಂದು, ಬೇಕಾದರೆ 'ಇದನ್ನು ಹೀಗೆ ಮಾಡಲಾಗದು' ಎಂದು ನಮಗೇ ಹೇಳಬಲ್ಲವನು.

ಆದುದರಿಂದ, ಕೇಳುಗರೆ, ಈ ವರ್ಷದ ಮಳೆ ಮುಗಿದೊಡನೆ ಒಂದು ಬಿಸಿಲಿನ ದಿನ ಮನೆಯನ್ನೆಲ್ಲ ಸುತ್ತಿ ನೋಡಿ. ಕಲೆಗಳಿಗೂ ಬಿರುಕುಗಳಿಗೂ ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರತಿಯೊಂದರ ಮುಂದೆಯೂ ಆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಿಮ್ಮ ಕೈಯದೆಂದು ಗೊತ್ತಾದುದನ್ನು ದೀಪಾವಳಿಯ ಒಳಗೆ ಮುಗಿಸಿ. ಬಲ್ಲವರದೆಂದು ಗೊತ್ತಾದುದಕ್ಕೆ ಮಾಘ ಫಾಲ್ಗುಣಗಳಲ್ಲಿ, ಗೋಡೆಗಳು ಒಣಗಿ ಕೆಲಸಗಾರರಿಗೆ ಬಿಡುವಿರುವಾಗ, ಅವರನ್ನು ಕರೆಯಿರಿ. ಪ್ರಾಣಕ್ಕೆ ಸಂಬಂಧಿಸಿದುದನ್ನು ಮಾತ್ರ ಯಾವ ಮಾಸಕ್ಕೂ ಕಾಯಿಸಬೇಡಿ. ಅದಕ್ಕೆ ಇಂದೇ ಹೇಳಿಕಳುಹಿಸಿ.